ಮೊದಲು ಲೇಬಲ್ಲಿಗೆ ದುಡ್ಡು ಹಾಕಿ, ಬ್ರೋಷರ್ ಆಮೇಲೆ ನೋಡಿದರಾಯಿತು

ಕುಮಟಾದಲ್ಲಿ ಮನೆಯಲ್ಲೇ ಉಪ್ಪಿನಕಾಯಿ, ಮುರುಗಲು (ಕೋಕಂ) ಶರಬತ್ತು ಮಾಡಿ ಮಾರಲು ಶುರು ಮಾಡಿದ್ದೀರಿ. ಗಿರಾಕಿಗಳೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಸಿಗುವಾಗ ಲೇಬಲ್, ಕಾರ್ಡು, ಬ್ರೋಷರ್ ಅಂತ ಪ್ರಿಂಟಿಗೆ ಖರ್ಚು ಮಾಡಬೇಕಾ ಅಂತ ಕೇಳಿದ್ದೀರಿ. ಮಾಡಬೇಕು. ಆದರೆ ಎಲ್ಲದಕ್ಕೂ ಅಲ್ಲ.

ನಾವು ಶಿರಸಿ ಹತ್ತಿರದ ಹಳ್ಳಿಯವರು. ಅತ್ತೆ ಹಾಕುವ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಯನ್ನು ಬಾಟಲಿಗೆ ತುಂಬಿ ಮಾರುತ್ತೇವೆ. ಮೊದಲ ವರ್ಷ ಸಾದಾ ಪೇಪರಿನ ಲೇಬಲ್ ಹಾಕಿಸಿದೆವು. ಅಗ್ಗಕ್ಕೆ ಸಿಗುತ್ತದೆ ಅಂತ ಒಂದೇ ಸಲ 2,000. ಜೂನ್ ಬಂತು. ನಮ್ಮ ಕಡೆಯ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ, ಗೋಡೆಯೇ ಬೆವರುತ್ತದೆ. ಲೇಬಲ್ಲಿನ ಅಂಚು ಎದ್ದಿತು. ಎಣ್ಣೆ ತಾಗಿದಲ್ಲೆಲ್ಲ ಕಲೆ. ಕಾರವಾರದ ಒಬ್ಬ ಅಂಗಡಿಯವರು ಒಂದು ಡಜನ್ ಬಾಟಲಿ ವಾಪಸ್ ಕಳಿಸಿದರು. "ಹಳೇ ಮಾಲು ಅಂತ ಜನ ಮುಟ್ಟುತ್ತಿಲ್ಲ" ಅಂದರು. ಒಳಗಿದ್ದದ್ದು ಅದೇ ವರ್ಷದ ಮಿಡಿ. ಅತ್ತೆ ಒಂದು ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಅದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ನಿಮ್ಮನ್ನು ಗೊತ್ತಿದ್ದವರಿಗೆ ಲೇಬಲ್ ಬೇಡ. ಅಂಗಡಿಯಲ್ಲಿ ನಿಂತವರಿಗೆ ನೀವು ಯಾರು ಅಂತ ಗೊತ್ತಿಲ್ಲ, ರುಚಿ ನೋಡಲೂ ಆಗುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಲೇಬಲ್ ಮಾತ್ರ. ಅದು ಕೊಳಕಾಗಿದ್ದರೆ ಅಡುಗೆಮನೆಯೂ ಹಾಗೇ ಇರಬಹುದು ಅಂದುಕೊಳ್ಳುತ್ತಾರೆ. ತಪ್ಪಲ್ಲ ಅಲ್ವಾ? ನಾವೂ ಹಾಗೇ ತಾನೇ ಆರಿಸುವುದು.

ಹಾಗಾಗಿ ನೀರು, ಎಣ್ಣೆಗೆ ಹಾಳಾಗದ ಪ್ಲಾಸ್ಟಿಕ್ ಸ್ಟಿಕರೇ ಬೇಕು ಅಂತ ಪ್ರೆಸ್ಸಿನಲ್ಲಿ ಹೇಳಿ. ಮೊದಲ ಸಲ 200 ಸಾಕು, ಕಂಪ್ಯೂಟರಿನಿಂದ ನೇರವಾಗಿ ಅಚ್ಚಾಗುವ ಡಿಜಿಟಲ್ ಪ್ರಿಂಟ್ ಮಾಡಿಸಿ. ಆಫ್‌ಸೆಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟ್ ಮಾಡಬೇಕು. ಆ ಖರ್ಚು ಹಂಚಿಹೋಗಲು ಸಾವಿರಗಟ್ಟಲೆ ಹಾಕಿಸಬೇಕಾಗುತ್ತದೆ. ಬೆಲೆಯೋ ಫೋನ್ ನಂಬರೋ ಬದಲಾದರೆ ಉಳಿದದ್ದೆಲ್ಲ ದಂಡ.

ಬಣ್ಣದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು, ಅದರಲ್ಲೂ ಮುರುಗಲಿಗೆ. ಮೊಬೈಲಿನಲ್ಲಿ ಕಾಣುವುದು ಬೆಳಕಿನ ಕೆಂಪು. ಪ್ರಿಂಟಿನದ್ದು ನಾಲ್ಕು ಶಾಯಿ ಸೇರಿಸಿ ಬರುವ ಕೆಂಪು, ಅದು ಸಾಮಾನ್ಯವಾಗಿ ಸ್ವಲ್ಪ ಮಂಕು. ನಮ್ಮ ಶರಬತ್ತಿನ ಲೇಬಲ್ ಮೊದಲ ಸಲ ಒಣಗಿದ ಸಿಪ್ಪೆಯ ಕಂದು ಬಣ್ಣದಲ್ಲಿ ಬಂದಿತ್ತು. ಅಂಟಿಸುವ ಸ್ಟಿಕರ್ ಮೇಲೆಯೇ ಒಂದು ಪ್ರೂಫ್ (ನೋಡಿ ಒಪ್ಪಲು ತೆಗೆಯುವ ಮಾದರಿ ಪ್ರತಿ) ತೆಗೆಸಿ, ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಒಪ್ಪಿಗೆ ಕೊಡಿ.

ಪ್ರೂಫಿನಲ್ಲಿ ಕನ್ನಡವನ್ನು ಅಕ್ಷರ ಅಕ್ಷರ ಓದಿ. ಕೆಲವು ಡಿಸೈನ್ ಸಾಫ್ಟ್‌ವೇರುಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆದುಹೋಗುತ್ತದೆ. "ಅಪ್ಪೆ" ಹೋಗಿ "ಅಪ್‌ಪೆ" ಆಗುತ್ತದೆ. ಡಿಸೈನ್ ಮಾಡಿದವರು ಬೇರೆ ಊರಿನವರಾದರೆ ಅವರಿಗೆ ಅದು ಗೊತ್ತೂ ಆಗುವುದಿಲ್ಲ. ನಮ್ಮೂರಿನ ತಿನಿಸಿನ ಹೆಸರನ್ನು ನಾವೇ ತಪ್ಪಾಗಿ ಬರೆದು ಮಾರಿದರೆ ನಂಬುವುದು ಹೇಗೆ?

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರ್, ಪದಾರ್ಥಗಳ ಪಟ್ಟಿ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ವಿಳಾಸ, ಸಸ್ಯಾಹಾರ ಅಂತ ತೋರಿಸುವ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಇವು ಲೇಬಲ್ಲಿನ ಮೇಲೆ ಕಾನೂನಿಗೆ ಬೇಕೇ ಬೇಕು. ಬಾಟಲಿ ಕೈಗೆತ್ತಿಕೊಂಡವರು ಮೊದಲು ಹಿಂದೆ ತಿರುಗಿಸಿ ತಾರೀಖು ಹುಡುಕುತ್ತಾರೆ, ಗಮನಿಸಿ ನೋಡಿ. ತಾರೀಖನ್ನು ಸ್ಟಾಂಪಿನಲ್ಲಿ ಒತ್ತುವುದಾದರೆ, ಸಾದಾ ಸ್ಟಾಂಪ್ ಪ್ಯಾಡಿನ ಶಾಯಿ ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ, ಬೇಗ ಒಣಗುವ ಶಾಯಿ ತಂದುಕೊಳ್ಳಿ.

ಊರಿನ ಹೆಸರನ್ನು ದೊಡ್ಡದಾಗಿ ಹಾಕಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರುಗಳ ಹೆಸರಿಗೇ ಒಂದು ಬೆಲೆ ಇದೆ. ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲಾದ ಕರಿ ಇಶಾಡು ಮಾವಿಗೆ 2023ರಲ್ಲಿ ಜಿಐ ಟ್ಯಾಗ್ (ಆ ಊರಿನ ವಿಶೇಷ ಅಂತ ಸರ್ಕಾರ ಕೊಡುವ ಗುರುತು) ಸಿಕ್ಕಿತು. ಅಪ್ಪೆಮಿಡಿಗೂ ಇದೆ. ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಜಿಐ ಲೋಗೋವನ್ನು ಸುಮ್ನೆ ಅಂಟಿಸಬೇಡಿ.

ಬ್ರೋಷರ್ ಈಗ ಬೇಡ. ಮಾರಿಕಾಂಬಾ ಜಾತ್ರೆಯಲ್ಲಿ ನಾವು ಹ್ಯಾಂಡ್‌ಬಿಲ್ ಹಂಚಿದೆವು. ಸಂಜೆ ನೋಡಿದರೆ ಅರ್ಧಕ್ಕರ್ಧ ಕಾಲಡಿಯಲ್ಲಿ ಬಿದ್ದಿದ್ದವು. ಅದರ ಬದಲು ಒಂದೇ ಬಣ್ಣದಲ್ಲಿ ಹೆಸರು ಅಚ್ಚು ಹಾಕಿಸಿದ ಗಟ್ಟಿ ಪೇಪರ್ ಚೀಲ ಮಾಡಿಸಿ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ಚೀಲ ಹೇಗೂ ಬೇಕು. ಗೋಕರ್ಣ, ಮುರುಡೇಶ್ವರಕ್ಕೆ ಬಂದವರು ಅದನ್ನು ಹಿಡಿದು ಊರಿಡೀ ಓಡಾಡುತ್ತಾರೆ. ಕಾರ್ಡು 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ದಪ್ಪದ್ದು ನೂರು ಇದ್ದರೆ ಸಾಕು, ಅಂಗಡಿಯವರಿಗೆ ಕೊಡಲು. ಎಲ್ಲದರಲ್ಲೂ ಅದೇ ಹೆಸರು, ಅದೇ ಅಕ್ಷರ, ಅದೇ ಬಣ್ಣ ಇರಲಿ. ಲೇಬಲ್ಲಿನಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಇನ್ನೊಂದು ಇದ್ದರೆ ಜನ ಇದು ಬೇರೆ ಯಾರದ್ದೋ ಅಂದುಕೊಳ್ಳುತ್ತಾರೆ.

ವಾಟ್ಸ್‌ಆ್ಯಪ್ ಮೆಸೇಜು ಎರಡು ದಿನಕ್ಕೆ ಕೆಳಗೆ ಹೋಗುತ್ತದೆ. ಹೋದ ವರ್ಷ ಕಾರವಾರದಿಂದ ಒಬ್ಬ ಅಮ್ಮ ಫೋನ್ ಮಾಡಿದ್ದರು. ನಮ್ಮ ಖಾಲಿ ಬಾಟಲಿಯಲ್ಲಿ ಹರಳುಪ್ಪು ತುಂಬಿಟ್ಟಿದ್ದರಂತೆ, ನಂಬರ್ ಅದರ ಮೇಲೇ ಇತ್ತು. ನಾಲ್ಕು ಬಾಟಲಿ ಬೇಕು ಅಂದರು.

ನಿಮ್ಮ ಪ್ರೂಫ್ ಬಂದ ಮೇಲೆ ಫೋಟೊ ಇಲ್ಲೇ ಹಾಕಿ. ಅಕ್ಷರ, ಬಣ್ಣ ಎರಡನ್ನೂ ನೋಡಿ ಹೇಳುತ್ತೇನೆ.