ಗಣಿತ ಕಡಿಮೆಯಂತೆ, ಹೌದೇ? ಇಂಡಸ್ಟ್ರಿಯಲ್ ಎಂಜಿನಿಯರಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳ ಸಿಇಟಿ ರ‍್ಯಾಂಕಿಗೆ ಒಳ್ಳೆಯ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವುದು ಕಷ್ಟ. ಪರಿಚಯದವರೊಬ್ಬರು "ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಆ್ಯಂಡ್ ಮ್ಯಾನೇಜ್‌ಮೆಂಟ್ (ಐಇಎಂ) ಹಾಕಿ, ಅರ್ಧ ಎಂಬಿಎ ಇದ್ದ ಹಾಗೆ, ಗಣಿತವೂ ಕಡಿಮೆ" ಎನ್ನುತ್ತಾರೆ. ನಂಬಬಹುದೇ?
(ಒಬ್ಬ ತಾಯಿ, ಕಾರ್ಕಳ)

ಉತ್ತರ: ಹಾಗೆಂದವರು ಸಿಲೆಬಸ್ ತೆರೆದು ನೋಡಿರಲಿಕ್ಕಿಲ್ಲ. ಜನ, ಯಂತ್ರ, ಸಾಮಗ್ರಿ, ಸಮಯ ಪೋಲಾಗದಂತೆ ಕೆಲಸವನ್ನು ಜೋಡಿಸುವ ವಿದ್ಯೆ ಇದು. ಇಲ್ಲಿ ಗಣಿತ ಕಡಿಮೆಯಲ್ಲ, ಅದರ ಜಾತಿ ಬೇರೆ. ಸಂಭವನೀಯತೆ, ಸಂಖ್ಯಾಶಾಸ್ತ್ರ, ಲೀನಿಯರ್ ಪ್ರೋಗ್ರಾಮಿಂಗ್ (ಮಿತಿಗಳೊಳಗೆ ಅತಿ ಹೆಚ್ಚು ಲಾಭ ಅಥವಾ ಅತಿ ಕಡಿಮೆ ಖರ್ಚು ಹುಡುಕುವ ಲೆಕ್ಕ), ಕ್ಯೂ ಸಿದ್ಧಾಂತ (ಸಾಲಿನಲ್ಲಿ ಕಾಯುವುದರ ಲೆಕ್ಕ) ಕೊನೆಯ ವರ್ಷದವರೆಗೂ ಬೆನ್ನು ಬಿಡುವುದಿಲ್ಲ. ಮೊದಲ ವರ್ಷ ಉಳಿದ ಎಂಜಿನಿಯರಿಂಗ್‌ನವರ ಜೊತೆಗೇ ನಡೆಯುತ್ತದೆ. ಎರಡನೇ ವರ್ಷದಿಂದ ಉತ್ಪಾದನಾ ವಿಧಾನಗಳು, ಲೋಹಗಳು, ಲೇಥ್ ಇರುವ ವರ್ಕ್‌ಶಾಪ್. ಆಮೇಲೆ ವರ್ಕ್ ಸ್ಟಡಿ (ಕೆಲಸದ ವಿಧಾನ, ಸಮಯಗಳ ಅಧ್ಯಯನ), ಎರ್ಗನಾಮಿಕ್ಸ್ (ಕೆಲಸವನ್ನು ಮೈಗೆ ಒಗ್ಗುವಂತೆ ಮಾಡುವುದು), ಆಪರೇಷನ್ಸ್ ರಿಸರ್ಚ್ (ಗಣಿತದಿಂದ ಒಳ್ಳೆಯ ತೀರ್ಮಾನ ಹುಡುಕುವುದು), ಗುಣಮಟ್ಟ ನಿಯಂತ್ರಣ, ಉತ್ಪಾದನಾ ಯೋಜನೆ, ಸಪ್ಲೈ ಚೈನ್, ಸಿಮ್ಯುಲೇಷನ್. ಮ್ಯಾನೇಜ್‌ಮೆಂಟ್ ಎಂದು ಕರೆಯಬಹುದಾದ ಪೇಪರುಗಳು ಕೆಲವೇ. ಅದನ್ನು ಅರ್ಧ ಎಂಬಿಎ ಎನ್ನುವುದು ಸೀಟು ತುಂಬಿಸುವವರ ಮಾತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ದ್ವಿತೀಯ ಪಿಯು ಗಣಿತ ಪುಸ್ತಕದ ಎರಡನೇ ಭಾಗದ ಕೊನೆಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್, ಪ್ರಾಬಬಿಲಿಟಿ ಅಧ್ಯಾಯಗಳಿವೆ. ಅವನ್ನು ಮಗಳು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದಾಳೋ, ಇಷ್ಟಪಟ್ಟು ಬಿಡಿಸಿದ್ದಾಳೋ ಕೇಳಿ. ಇಷ್ಟಪಟ್ಟಿದ್ದರೆ ಧೈರ್ಯವಾಗಿ ಸೇರಿಸಿ. ಬೆಂಗಳೂರಿನ ಆರ್.ವಿ., ರಾಮಯ್ಯ, ಬಿ.ಎಂ.ಎಸ್. ಕಾಲೇಜುಗಳಲ್ಲಿ ಈ ವಿಭಾಗ ಬಹುಕಾಲದಿಂದ ನಡೆದುಬಂದಿದೆ. ಆದರೂ ಆಪ್ಷನ್ ಎಂಟ್ರಿಗೆ ಮುಂಚೆ ಆ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟ್ ಮ್ಯಾಟ್ರಿಕ್ಸ್, ಅಂದರೆ ಸೀಟುಗಳ ಪಟ್ಟಿ, ನೋಡದೆ ಏನನ್ನೂ ತೀರ್ಮಾನಿಸಬೇಡಿ. ಕೋರ್ಸುಗಳ ಹೆಸರೂ ಸೀಟುಗಳ ಸಂಖ್ಯೆಯೂ ಬದಲಾಗುತ್ತಿರುತ್ತವೆ.

ಪ್ರಶ್ನೆ: ಬೆಂಗಳೂರಿನಲ್ಲಿ ಐಇಎಂ ಓದುತ್ತಿದ್ದೇನೆ. ರಜೆಯಲ್ಲಿ ಊರಿನ ಗೇರುಬೀಜ ಪ್ಯಾಕಿಂಗ್ ಘಟಕವೊಂದರಲ್ಲಿ ಟೈಮ್ ಸ್ಟಡಿ (ವಾಚ್ ಹಿಡಿದು ಕೆಲಸದ ಸಮಯ ಅಳೆಯುವುದು) ಮಾಡಿದೆ. 250 ಗ್ರಾಂ ಪೊಟ್ಟಣ, ನಿಂತು ಮಾಡುವ ಕೆಲಸ, ಕೆಲಸದಾಕೆ ಒಬ್ಬರೇ. 10 ರೀಡಿಂಗ್, ಸರಾಸರಿ 18 ಸೆಕೆಂಡು, ಸ್ಟ್ಯಾಂಡರ್ಡ್ ಡೀವಿಯೇಷನ್ (ಏರಿಳಿತದ ಅಳತೆ) 3.6, ರೇಟಿಂಗ್ (ಪ್ರಮಾಣಿತ ವೇಗ 100 ಎಂದರೆ ಆಕೆಯ ವೇಗ) 90, ಅಲೊಯನ್ಸ್ (ದಣಿವು, ವಿಶ್ರಾಂತಿಗೆಂದು ಸೇರಿಸುವ ಸಮಯ) ಶೇ. 15. ಲೆಕ್ಕದ ಪ್ರಕಾರ ಗಂಟೆಗೆ 193 ಪೊಟ್ಟಣ ಆಗಬೇಕು. ಘಟಕದ ಪುಸ್ತಕದಲ್ಲಿ 150ರಿಂದ 160 ಅಷ್ಟೆ. ಗೈಡ್ ರಿಪೋರ್ಟ್ ವಾಪಸ್ ಕೊಟ್ಟಿದ್ದಾರೆ. ಎಲ್ಲಿ ತಪ್ಪಿದೆ?
(ವಿದ್ಯಾರ್ಥಿ, ಕುಳಾಯಿ)

ಉತ್ತರ: ನಿಮ್ಮ ಗುಣಾಕಾರ ಸರಿ ಇದೆ. 18ರ ಶೇ. 90 ಎಂದರೆ 16.2 ಸೆಕೆಂಡು, ಅದಕ್ಕೆ ಶೇ. 15 ಸೇರಿದರೆ 18.63. ಬಿಟ್ಟುಹೋದದ್ದು ಟಿನ್ನು.

ತಿರುಳು ಬರುವುದು 11.34 ಕಿಲೋ ಟಿನ್ನಿನಲ್ಲಿ. ಒಂದು ಟಿನ್ನಿಗೆ 45 ಪೊಟ್ಟಣ. ಅದು ಮುಗಿದಾಗ ಆಕೆ ಹೊಸ ಟಿನ್ ತರಬೇಕು, ಮುಚ್ಚಳ ಕತ್ತರಿಸಬೇಕು, ತಟ್ಟೆಗೆ ಸುರಿಯಬೇಕು. ನೀವು ಸತತ 10 ಪೊಟ್ಟಣ ಮಾತ್ರ ಅಳೆದಿರುವುದರಿಂದ ಅದು ಕಣ್ಣಿಗೇ ಬಿದ್ದಿಲ್ಲ. ಈ ಕೆಲಸಕ್ಕೆ 90 ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ (ಹೋಗಿ ಅಳೆಯಿರಿ, ನಮ್ಮ ಅಂಕಿಯನ್ನೇ ಬರೆಯಬೇಡಿ). ಅದೇ ರೇಟಿಂಗ್‌ನಲ್ಲಿ 81 ಸೆಕೆಂಡು, 45ರಿಂದ ಭಾಗಿಸಿದರೆ ಪೊಟ್ಟಣಕ್ಕೆ 1.8. ಒಟ್ಟು 18.0, ಅಲೊಯನ್ಸ್ ಸೇರಿ 20.7 ಸೆಕೆಂಡು. ಗಂಟೆಗೆ 174.

ಇನ್ನೂ 160ಕ್ಕೆ ಇಳಿಯಲಿಲ್ಲವಲ್ಲ ಎನ್ನಬಹುದು. ನೀವೇ ಕೊಟ್ಟ ರೇಟಿಂಗ್ 90. ಅಂದರೆ ಆಕೆಯ ವೇಗ ಪ್ರಮಾಣಿತ ವೇಗಕ್ಕಿಂತ ಶೇ. 10 ಕಡಿಮೆ. 174ರ ಶೇ. 90 ಎಂದರೆ ಸುಮಾರು 157. ಘಟಕದ ಪುಸ್ತಕ ಸುಳ್ಳು ಹೇಳುತ್ತಿಲ್ಲ. ಪ್ರಮಾಣಿತ ಉತ್ಪಾದನೆಯನ್ನು ನಿಜವಾದ ಉತ್ಪಾದನೆಯ ಪಕ್ಕದಲ್ಲಿ ನೇರವಾಗಿ ಇಟ್ಟು ಹೋಲಿಸುವುದು ಟೈಮ್ ಸ್ಟಡಿಯಲ್ಲಿ ಎಲ್ಲರೂ ಎಡವುವ ಜಾಗ.

ಗೈಡ್ ಅವರ ಇನ್ನೊಂದು ಆಕ್ಷೇಪ ರೀಡಿಂಗ್‌ಗಳ ಸಂಖ್ಯೆಯ ಬಗ್ಗೆ ಇದ್ದೀತು. 3.6ನ್ನು 18ರಿಂದ ಭಾಗಿಸಿದರೆ 0.2. ಅದನ್ನು 1.96ರಿಂದ ಗುಣಿಸಿ, 0.05ರಿಂದ ಭಾಗಿಸಿ, ವರ್ಗ ಮಾಡಿ: 61.5. ಶೇ. 95 ವಿಶ್ವಾಸ, ಶೇ. 5 ತಪ್ಪಿನ ಮಿತಿ ಬೇಕಿದ್ದರೆ 62 ರೀಡಿಂಗ್ ಬೇಕು, ನಿಮ್ಮಲ್ಲಿರುವುದು 10. ಏರಿಳಿತ ಅರ್ಧವಾದರೆ 16 ಸಾಕು. ಹಾಗಾಗಿ ಮೊದಲು ಏರಿಳಿತದ ಮೂಲ ಹುಡುಕಿ. ಚೀಲ ಬಿಡಿಸುವುದು, ತುಂಬಿ ತೂಗುವುದು, ಸೀಲ್ ಹಾಕುವುದು ಎಂದು ಮೂರು ಭಾಗ ಮಾಡಿ ಬೇರೆ ಬೇರೆ ಅಳೆಯಿರಿ. ತೂಗುವ ಹಂತದಲ್ಲೇ ಗಡಿಯಾರ ಓಲಾಡುವ ಸಾಧ್ಯತೆ ಹೆಚ್ಚು. ಒಂದು ಪೌಂಡಿಗೆ 180 ಬರುವ ದೊಡ್ಡ ತಿರುಳು ಒಂದೊಂದೂ ಸುಮಾರು 2.5 ಗ್ರಾಂ ತೂಗುತ್ತದೆ, 320ರ ದರ್ಜೆಯದು 1.4 ಗ್ರಾಂ. ದೊಡ್ಡದರಲ್ಲಿ ಮುಳ್ಳನ್ನು 250ಕ್ಕೆ ತಂದು ನಿಲ್ಲಿಸಲು ಒಂದನ್ನು ಹಾಕಿ ಒಂದನ್ನು ತೆಗೆಯುವ ಆಟ ಜಾಸ್ತಿ. ಎರಡು ದರ್ಜೆಯನ್ನು ಒಂದೇ ಶೀಟಿನಲ್ಲಿ ಬೆರೆಸಿದ್ದರೆ ಬೇರ್ಪಡಿಸಿ.

ಅಲೊಯನ್ಸ್ ಶೇ. 15 ಸರಿ: ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಪಟ್ಟಿಯಲ್ಲಿ ಮಹಿಳೆಯರಿಗೆ ವೈಯಕ್ತಿಕ ಅಗತ್ಯ 7, ಮೂಲ ದಣಿವು 4, ನಿಂತು ಕೆಲಸ 4. ಆದರೆ ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಫ್ಯಾನ್ ಇಲ್ಲದ ಶೆಡ್ ಆಗಿದ್ದರೆ ಹವೆಯ ಅಲೊಯನ್ಸನ್ನೂ ಪಟ್ಟಿ ನೋಡಿ ಸೇರಿಸಬೇಕು. ವಾಚನ್ನು ಮುಚ್ಚಿಟ್ಟು ಅಳೆಯಬೇಡಿ. ಯಾಕೆ ಅಳೆಯುತ್ತಿದ್ದೀರಿ, ಕೂಲಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಆ ಅಕ್ಕನಿಗೆ ತುಳುವಿನಲ್ಲೇ ಹೇಳಿ, ಮೊದಲ ಕಾಲು ಗಂಟೆಯ ರೀಡಿಂಗ್ ಬಿಟ್ಟುಬಿಡಿ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಬರೆದಿದ್ದೇನೆ. ಊರು ಬಿಡಲು ಮನೆಯಲ್ಲಿ ಒಪ್ಪುವುದಿಲ್ಲ. ಹತ್ತಿರದ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮಾತ್ರ ಇದೆ. ಇಂಡಸ್ಟ್ರಿಯಲ್ ಕಡೆ ಹೋಗುವ ದಾರಿ ಮುಚ್ಚಿತೇ?
(ಕಾಪುವಿನಿಂದ)

ಉತ್ತರ: ಇಲ್ಲ. ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಮೆಕ್ಯಾನಿಕಲ್ ಪೇಪರಿನಲ್ಲೇ ಉತ್ಪಾದನಾ ಯೋಜನೆ, ದಾಸ್ತಾನು ನಿಯಂತ್ರಣ, ಆಪರೇಷನ್ಸ್ ರಿಸರ್ಚ್ ಇವೆ. 'ಪ್ರೊಡಕ್ಷನ್ ಆ್ಯಂಡ್ ಇಂಡಸ್ಟ್ರಿಯಲ್' ಎಂಬ ಪ್ರತ್ಯೇಕ ಪೇಪರನ್ನೂ ಬರೆಯಬಹುದು. ಪದವಿ ಮುಗಿದ ಮೇಲೆ ಎಂ.ಟೆಕ್. ಇಲ್ಲವೇ ಐಐಎಂ ಮುಂಬೈ (2023ರ ತನಕ ಅದು ನಿಟೀ, ಅಂದರೆ ರಾಷ್ಟ್ರೀಯ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸಂಸ್ಥೆ) ಕಡೆ ನೋಡಬಹುದು. ಸರ್ಕಾರಿ ಕೆಲಸದ ಆಸೆಯಿದ್ದರಂತೂ ಮೆಕ್ಯಾನಿಕಲ್ ಹೆಸರೇ ಅನುಕೂಲ. ಅಧಿಸೂಚನೆಯಲ್ಲಿ ಪದವಿಯ ಹೆಸರು ಅಚ್ಚಾಗಿರದಿದ್ದರೆ ಐಇಎಂನವರು 'ಸಮಾನ ಪದವಿ' ಎಂದು ಸಾಬೀತು ಮಾಡಲು ಅಲೆಯಬೇಕಾಗುತ್ತದೆ. ನಿಮಗೆ ನಿಜವಾದ ತೊಡಕು ಗಣಿತದ್ದು. ಲ್ಯಾಟರಲ್ ಎಂಟ್ರಿಯವರು, ಅಂದರೆ ನಿಮ್ಮಂತೆ ಡಿಪ್ಲೊಮಾದಿಂದ ಬರುವವರು, ನೇರ ಎರಡನೇ ವರ್ಷಕ್ಕೆ ಕಾಲಿಡುವುದರಿಂದ ಮೊದಲ ವರ್ಷದ ಗಣಿತ ತಪ್ಪಿಹೋಗಿರುತ್ತದೆ. ತರಗತಿ ಶುರುವಾಗುವ ಮೊದಲೇ ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಮುಗಿಸಿಕೊಳ್ಳಿ.

ಪ್ರಶ್ನೆ: ಎಕ್ಸೆಲ್ ಸಾಲ್ವರ್‌ನಲ್ಲಿ (ಲೀನಿಯರ್ ಪ್ರೋಗ್ರಾಮಿಂಗ್‌ನಂಥ ಲೆಕ್ಕ ಬಿಡಿಸುವ ಸಲಕರಣೆ) ಪೂರ್ಣಾಂಕದ ಲೆಕ್ಕ ಮಾಡಿದರೆ ಪುಸ್ತಕದ ಉತ್ತರಕ್ಕಿಂತ ಸ್ವಲ್ಪ ಕಡಿಮೆ ಲಾಭ ತೋರಿಸುತ್ತದೆ.
(ಮೂಡುಬಿದಿರೆ)

ಉತ್ತರ: ಆಪ್ಷನ್ಸ್ ಒಳಗೆ 'ಇಂಟಿಜರ್ ಆಪ್ಟಿಮಾಲಿಟಿ' ಎಂಬ ಕಡೆ 1 ಎಂದಿರುತ್ತದೆ. ಉತ್ತರ ಶೇ. 1ರಷ್ಟು ಹತ್ತಿರ ಬಂದ ಕೂಡಲೇ ಸಾಲ್ವರ್ ಸಾಕೆಂದು ನಿಲ್ಲುತ್ತದೆ. ಅದನ್ನು 0 ಮಾಡಿ. ವಿಧಾನ 'ಸಿಂಪ್ಲೆಕ್ಸ್ ಎಲ್‌ಪಿ' ಇದೆಯೇ ಎಂದೂ ನೋಡಿ. ತಾನಾಗಿ ಬರುವುದು ನಾನ್‌ಲೀನಿಯರ್ ವಿಧಾನ.

ಪ್ರಶ್ನೆ: ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಡುಪಿ ರಥಬೀದಿ ಹತ್ತಿರದ ಹೋಟೆಲಿನ ಕ್ಯೂ ತೆಗೆದುಕೊಂಡಿದ್ದೇವೆ. 44 ಸೀಟು. ನಿಮಿಷಕ್ಕೆ ಸರಾಸರಿ ಇಬ್ಬರು ಬರುತ್ತಾರೆ, ಒಬ್ಬರು 25 ನಿಮಿಷ ಕೂರುತ್ತಾರೆ. ಒಂದು ಟೇಬಲ್ ಹೆಚ್ಚಿಸಿದರೆ ಸಾಕೆಂದು ಬರೆಯಬಹುದೇ?
(ನಾಲ್ವರು ವಿದ್ಯಾರ್ಥಿಗಳು, ಮಣಿಪಾಲ)

ಉತ್ತರ: ಬರೆಯಬೇಡಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದಂತೆ 2ನ್ನು 25ರಿಂದ ಗುಣಿಸಿದರೆ 50 ಜನ ಒಳಗಿರಬೇಕು. 44 ಸೀಟಿನಿಂದ ನಿಮಿಷಕ್ಕೆ 1.76 ಜನ ಮಾತ್ರ ಏಳುತ್ತಾರೆ. ಗಂಟೆಯಲ್ಲಿ 14 ಜನ ಹೊರಗೆ ಸೇರುತ್ತಾರೆ. ಆರು ಸೀಟಿನ ಟೇಬಲ್ ಹಾಕಿದರೆ ಸರಿಯಾಗಿ 50, ಉಸಿರಾಡಲು ಜಾಗವಿಲ್ಲ. ಒಂದು ಕುಟುಂಬ ಹತ್ತು ನಿಮಿಷ ಹೆಚ್ಚು ಕೂತರೂ ಕ್ಯೂ ಬೆಳೆಯುತ್ತದೆ. ಆ 25 ನಿಮಿಷವನ್ನು ಒಡೆದು ನೋಡಿ: ಆರ್ಡರ್ ಕೇಳಲು ಎಷ್ಟು, ತಿಂಡಿ ಬರಲು ಎಷ್ಟು, ತಿನ್ನಲು ಎಷ್ಟು, ಬಿಲ್ಲಿಗೆ ಎಷ್ಟು, ಟೇಬಲ್ ಒರೆಸಲು ಎಷ್ಟು. ತಿನ್ನುವುದನ್ನು ಮುಟ್ಟದೆ ಉಳಿದದ್ದರಲ್ಲಿ 4 ನಿಮಿಷ ಉಳಿಸಿದರೆ 42 ಜನ. ಆರು ಸೀಟೂ ಸೇರಿದರೆ ಆಗ ಸ್ವಲ್ಪ ಸಡಿಲ ಸಿಗುತ್ತದೆ.

ಪುಸ್ತಕದ ಕ್ಯೂ ಸೂತ್ರ ಹಾಕುವ ಮುನ್ನ ಐದೈದು ನಿಮಿಷಕ್ಕೆ ಎಷ್ಟು ಜನ ಬಂದರೆಂದು ಎಣಿಸಿ, ಸರಾಸರಿ ಮತ್ತು ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಷನ್‌ನ ವರ್ಗ) ತೆಗೆಯಿರಿ. ಎರಡೂ ಹತ್ತಿರವಿದ್ದರೆ ಪಾಯ್ಸಾನ್ (ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುತ್ತಾರೆಂಬ, ಪುಸ್ತಕದ ಸೂತ್ರಕ್ಕೆ ಆಧಾರವಾದ ಮಾದರಿ) ಎನ್ನಬಹುದು. ಮಠದಲ್ಲಿ ಪೂಜೆ ಮುಗಿದಾಗ, ಟೂರಿಸ್ಟ್ ಬಸ್ ಬಂದಾಗ ಜನ ಗುಂಪಾಗಿ ಬರುವುದರಿಂದ ನಿಮ್ಮಲ್ಲಿ ವೇರಿಯನ್ಸ್ ದೊಡ್ಡದಿರುವ ಸಂಭವವೇ ಹೆಚ್ಚು. ಹಾಗಿದ್ದರೆ ಸೂತ್ರ ಬಿಟ್ಟು ಸಿಮ್ಯುಲೇಷನ್ ಮಾಡಿ, ಭಾನುವಾರದ ಅಂಕಿಗಳನ್ನು ವಾರದ ದಿನಗಳ ಜೊತೆ ಸೇರಿಸಬೇಡಿ. ವೈವಾದಲ್ಲಿ ಕೇಳುವುದೂ ಇದನ್ನೇ.