ಬಿಚ್ಚಲು ಕಲಿತರೆ ಹೆಣೆಯಲು ಧೈರ್ಯ

ಈ ಸಲ ಬಂದ ಪತ್ರಗಳಲ್ಲಿ ಹೆಣಿಗೆ, ಕ್ರೋಶಾ ಬಗ್ಗೆಯೇ ಜಾಸ್ತಿ. ಕೇಳಿದವರು ಹೆಸರು ಬೇಡ ಎಂದಿದ್ದಾರೆ, ಹಾಗೇ ಇರಲಿ.

ಪ್ರಶ್ನೆ: ನನಗೆ 34 ವರ್ಷ. ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಏನು ಮಾಡಿದರೂ ಕೆಡುತ್ತೆ ಅನ್ನೋ ಭಾವನೆ ಬಂದುಬಿಟ್ಟಿದೆ. ಕ್ರೋಶಾ ಕಲಿತರೆ ಆತ್ಮವಿಶ್ವಾಸ ಬರುತ್ತೆ ಅಂತ ಗೆಳತಿ ಹೇಳಿದಳು. ಉಲ್ಲನ್ ತಂದು ಮಫ್ಲರ್ ಶುರು ಮಾಡಿದೆ. ಅದು ಮೇಲೆ ಹೋದಂತೆಲ್ಲ ಕಿರಿದಾಗಿ ತ್ರಿಕೋನ ಆಗ್ತಿದೆ. ಬಿಚ್ಚಿ ಮತ್ತೆ ಹಾಕಿದರೂ ಅದೇ ಕಥೆ. ಒಂದು ಮಫ್ಲರ್ ನೆಟ್ಟಗೆ ಮಾಡಲು ಬಾರದವಳು ಇನ್ನೇನು ಮಾಡಿಯೇನು ಅನ್ನಿಸಿ ಇದ್ದ ಧೈರ್ಯವೂ ಹೋಗಿದೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಮೊದಲು ಮಫ್ಲರ್ ವಿಷಯ, ಆತ್ಮವಿಶ್ವಾಸ ಆಮೇಲೆ.

ನೀವು ಹಾಕುತ್ತಿರುವುದು ಡಬಲ್ ಕ್ರೋಶಾ, ಅಂದರೆ ಹುಕ್‌ಗೆ ಒಮ್ಮೆ ದಾರ ಸುತ್ತಿಕೊಂಡು ಹಾಕುವ ಉದ್ದನೆಯ ಸ್ಟಿಚ್, ಅಂದುಕೊಳ್ಳುತ್ತೇನೆ. ಸಾಲು ಮುಗಿದು ತಿರುಗಿಸುವಾಗ 3 ಚೈನ್ (ಸರಪಳಿ ಕುಣಿಕೆ) ಹಾಕುತ್ತೀರಲ್ಲ, ಆ ಮೂರೂ ಸೇರಿ ಮುಂದಿನ ಸಾಲಿನ ಮೊದಲ ಸ್ಟಿಚ್ ಅಂತ ಲೆಕ್ಕ. ಆದರೆ ನೋಡಲು ಅದು ಸ್ಟಿಚ್ ಥರ ಕಾಣುವುದಿಲ್ಲ, ಅಂಚಿನಲ್ಲಿ ಸಣಕಲಾಗಿ ಆ ಕಡೆ ಬಾಗಿಕೊಂಡಿರುತ್ತದೆ. ವಾಪಸ್ ಬರುವಾಗ ಅದರ ತುದಿಗೂ ಒಂದು ಸ್ಟಿಚ್ ಹಾಕಬೇಕು. ಹೊಸಬರು ಅದನ್ನು ಕಾಣದೆ ಅದಕ್ಕೆ ಮೊದಲೇ ಸಾಲು ಮುಗಿಯಿತು ಅಂದುಕೊಂಡು ತಿರುಗಿಸಿಬಿಡುತ್ತಾರೆ. ಒಂದೊಂದು ಸಾಲಿಗೂ ಒಂದೊಂದು ಸ್ಟಿಚ್ ಹೋಯಿತು. 30ರಿಂದ ಶುರು ಮಾಡಿದ್ದು ಹತ್ತು ಸಾಲು ಆಗುವಷ್ಟರಲ್ಲಿ ಹತ್ತಿರ ಹತ್ತಿರ 20ಕ್ಕೆ ಇಳಿದರೆ ತ್ರಿಕೋನ ಆಗದೆ ಇನ್ನೇನಾಗುತ್ತದೆ?

ಇದಕ್ಕೆ ಒಂದು ಸೇಫ್ಟಿ ಪಿನ್ ಸಾಕು. ತಿರುಗಿಸುವಾಗ 3 ಚೈನ್ ಹಾಕಿದ ಕೂಡಲೇ ಮೂರನೆಯ ಚೈನ್‌ಗೆ ಪಿನ್ ಸಿಕ್ಕಿಸಿ. ವಾಪಸ್ ಬಂದಾಗ ಕೊನೆಯ ಸ್ಟಿಚ್ ಪಿನ್ ಇರುವ ಜಾಗಕ್ಕೇ ಹೋಗಬೇಕು. ಒಂದಷ್ಟು ದಿನ ಪ್ರತಿ ಸಾಲಿನ ಕೊನೆಗೆ ಎಣಿಸಿ, ಬೇಜಾರಾದರೂ ಎಣಿಸಿ. ಉಲ್ಲನ್ ಕಪ್ಪು ಬಣ್ಣದ್ದೋ ಜುಂಗು ಜುಂಗಾಗಿರುವುದೋ ಆಗಿದ್ದರೆ ಪಕ್ಕಕ್ಕಿಡಿ, ಅದರಲ್ಲಿ ಸ್ಟಿಚ್ ಕಾಣುವುದೇ ಇಲ್ಲ, ಪಳಗಿದವರೂ ತಡವರಿಸುತ್ತಾರೆ. ತಿಳಿ ಬಣ್ಣದ, ನುಣುಪಾದ, ಮಧ್ಯಮ ದಪ್ಪದ ನೂಲು ಮತ್ತು 5 ಮಿ.ಮೀ. ಹುಕ್ ತೆಗೆದುಕೊಳ್ಳಿ.

ಈಗ ನಿಮ್ಮ ಇನ್ನೊಂದು ಮಾತಿಗೆ ಬರುತ್ತೇನೆ. ‘ಬಿಚ್ಚಿ ಮತ್ತೆ ಹಾಕಿದರೂ ಅದೇ ಕಥೆ’ ಎಂದಿರಿ. ಎಲ್ಲಿ ತಪ್ಪಾಯಿತು ಅಂತ ನೋಡದೆ ಸಿಟ್ಟಿನಲ್ಲಿ ಪೂರ್ತಿ ಬಿಚ್ಚಿದರೆ ಕೈ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಕ್ರೋಶಾದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಯಾವ ಹೊತ್ತಿನಲ್ಲೂ ಬಾಯಿ ತೆರೆದಿರುವ ಕುಣಿಕೆ ಒಂದೇ ಒಂದು, ಹುಕ್‌ನಲ್ಲಿ ಇರುವುದು ಮಾತ್ರ. ಹುಕ್ ತೆಗೆದು ದಾರ ಎಳೆದರೆ ಒಂದೊಂದೇ ಸ್ಟಿಚ್ ಬಿಚ್ಚುತ್ತಾ ಬರುತ್ತದೆ, ನೀವು ನಿಲ್ಲಿಸಿದ ಕಡೆ ನಿಲ್ಲುತ್ತದೆ, ಅಲ್ಲಿ ಹುಕ್ ತೂರಿಸಿ ಮುಂದುವರಿಯಬಹುದು. ಹಾಗಾಗಿ ನನ್ನ ಸಲಹೆ ಇಷ್ಟು: ಮಫ್ಲರ್ ಬದಿಗಿಟ್ಟು 15 ಸ್ಟಿಚ್‌ನ ಸಣ್ಣ ತುಂಡು ಹಾಕಿ. ನಾಲ್ಕನೇ ಸಾಲಿನಲ್ಲಿ ಬೇಕಂತಲೇ ಒಂದು ಸ್ಟಿಚ್ ಬಿಟ್ಟು ಇನ್ನೆರಡು ಸಾಲು ಹಾಕಿ. ಆಮೇಲೆ ಬಿಟ್ಟ ಜಾಗವನ್ನು ಕಣ್ಣಲ್ಲೇ ಹುಡುಕಿ, ಅಲ್ಲಿಯವರೆಗೆ ಮಾತ್ರ ಬಿಚ್ಚಿ ಸರಿ ಮಾಡಿ. ಹೊಸ ಡಿಸೈನ್ ಕಲಿಯುವ ಮೊದಲು ಇದು ಕೈಗೆ ಬರಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ‘ಇದು ನನ್ನಿಂದ ಆಗುತ್ತದೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ವಿವರಿಸಿದ್ದರು. ಬೇರೆಯವರು ಮಾಡುವುದನ್ನು ನೋಡುವುದು, ಯಾರೋ ಹುರಿದುಂಬಿಸುವುದು, ಇವೆಲ್ಲ ಸ್ವಲ್ಪ ಸಹಾಯ ಮಾಡುತ್ತವೆ, ಆದರೆ ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ಗೆದ್ದ ಅನುಭವ. ‘ಚೆನ್ನಾಗಿದೆ’ ಅಂತ ಹತ್ತು ಜನ ಹೇಳಿದ್ದು ಸಂಜೆಗೆ ಮರೆತುಹೋಗುತ್ತದೆ. ನಾಲ್ಕನೇ ಸಾಲಿನಲ್ಲಿದ್ದ ತಪ್ಪನ್ನು ನೀವೇ ಕಂಡುಹಿಡಿದು ನೀವೇ ಸರಿ ಮಾಡಿದ್ದು ಹಾಗೆ ಹೋಗುವುದಿಲ್ಲ. ಮಫ್ಲರ್ ಸ್ವಲ್ಪ ಸೊಟ್ಟಗಿದ್ದರೂ ಪರವಾಗಿಲ್ಲ, ಮುಗಿಸಿ, ದಾರದ ತುದಿಗಳನ್ನು ಒಳಗೆ ಸೇರಿಸಿ, ಹಾಕಿಕೊಳ್ಳಿ. ಅರ್ಧಂಬರ್ಧ ಬಿಟ್ಟ ನಾಲ್ಕು ಕೆಲಸಕ್ಕಿಂತ ಮುಗಿದ ಒಂದು ಕೆಲಸ ನಿಮಗೆ ಈಗ ಬೇಕು.

ಪ್ರಶ್ನೆ: ಸ್ವೆಟರ್ ಅರ್ಧ ಆಗಿತ್ತು. ಕಡ್ಡಿಯಿಂದ ಒಂದು ಕುಣಿಕೆ ಜಾರಿ ಕೆಳಗೆ ಆರೇಳು ಸಾಲು ಬಿಟ್ಟುಹೋಯಿತು. ಮುಟ್ಟಲು ಭಯವಾಗಿ ಚೀಲಕ್ಕೆ ಹಾಕಿಟ್ಟಿದ್ದೇನೆ, ತಿಂಗಳುಗಳೇ ಆದವು.

ಉತ್ತರ: ಇವತ್ತೇ ಆಚೆ ತೆಗೆಯಿರಿ. ಹೆಣಿಗೆಯಲ್ಲಿ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ತೆರೆದೇ ಇರುತ್ತವೆ, ಅದಕ್ಕೇ ಒಂದು ಜಾರಿದರೆ ನೇರ ಕೆಳಗೆ ಬಿಚ್ಚುತ್ತಾ ಹೋಗುತ್ತದೆ. ಆದರೆ ಅಕ್ಕಪಕ್ಕದವು ಅಲ್ಲಾಡುವುದಿಲ್ಲ, ಹಾಳಾಗಿರುವುದು ಆ ಒಂದು ಕಂಬ ಮಾತ್ರ. ಮೊದಲು ಜಾರಿದ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ, ಇನ್ನು ಅದು ಎಲ್ಲೂ ಹೋಗುವುದಿಲ್ಲ. ಈಗ ಬೆಳಕಿನಲ್ಲಿ ನೋಡಿ, ಅದರ ಮೇಲೆ ಏಣಿಯ ಮೆಟ್ಟಿಲುಗಳಂತೆ ಅಡ್ಡ ದಾರಗಳು ಕಾಣುತ್ತವೆ. ಒಂದು ಮೆಟ್ಟಿಲು ಅಂದರೆ ಒಂದು ಸಾಲು. ಮುಂಭಾಗ ನಿಮ್ಮ ಕಡೆಗಿರಲಿ. ಕುಣಿಕೆಯೊಳಗೆ ಕ್ರೋಶಾ ಹುಕ್ ತೂರಿಸಿ, ಪಿನ್ ತೆಗೆದು, ಎಲ್ಲಕ್ಕಿಂತ ಕೆಳಗಿನ ಅಡ್ಡ ದಾರವನ್ನು ಹಿಡಿದು ಕುಣಿಕೆಯ ಮೂಲಕ ಈಚೆಗೆ ಎಳೆಯಿರಿ. ಒಂದು ಸಾಲು ವಾಪಸ್ ಬಂತು. ಹೀಗೇ ಮೇಲಿನವರೆಗೆ ಹತ್ತಿಸಿ ಕಡ್ಡಿಗೆ ಕೂರಿಸಿ. ಮುಂಭಾಗ ಸಾದಾ ನಿಟ್ (ಸಾಲಾಗಿ ಪುಟ್ಟ V ಗಳಂತೆ ಕಾಣುವ ಹೆಣಿಗೆ) ಆಗಿದ್ದರೆ ಇಷ್ಟೇ ಕೆಲಸ. ಎಳೆತ ಸ್ವಲ್ಪ ಹೆಚ್ಚುಕಡಿಮೆ ಕಂಡರೆ ಒಗೆದು ಹರವಿದಾಗ ಬಹುಪಾಲು ಸರಿಹೋಗುತ್ತದೆ.

ಮುಂದಕ್ಕೆ ಭಯ ಬೇಡ ಅಂದರೆ ಆಗಾಗ, ಕಷ್ಟದ ಭಾಗ ಶುರುವಾಗುವ ಮೊದಲಂತೂ ತಪ್ಪದೆ, ಬೇರೆ ಬಣ್ಣದ ತೆಳು ದಾರವನ್ನು ಸೂಜಿಯಲ್ಲಿ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಒಳಗೂ ಹಾಯಿಸಿಡಿ. ಮೇಲೆ ಏನೇ ಎಡವಟ್ಟಾಗಿ ಬಿಚ್ಚಬೇಕಾಗಿ ಬಂದರೂ ಆ ದಾರದ ಹತ್ತಿರ ಬಂದು ನಿಲ್ಲುತ್ತದೆ.

ಪ್ರಶ್ನೆ: ನಾನು ಹುಡುಗ, 19 ವರ್ಷ. ನಿಟಿಂಗ್ ಇಷ್ಟ. ಬಾಗಿಲು ಹಾಕಿಕೊಂಡು ಮಾಡ್ತೀನಿ. ಗೆಳೆಯರು ನಗ್ತಾರೆ ಅಂತ ಹೆದರಿಕೆ.

ಉತ್ತರ: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಡೈವಿಂಗ್ ಪಟು ಟಾಮ್ ಡೇಲಿ ಪ್ರೇಕ್ಷಕರ ಸಾಲಿನಲ್ಲಿ ಕೂತು ಹೆಣೆಯುತ್ತಿದ್ದುದನ್ನು ಜಗತ್ತೇ ನೋಡಿತು. ಗೆದ್ದ ಚಿನ್ನದ ಪದಕಕ್ಕೆ ಗೀರು ಬೀಳಬಾರದು ಅಂತ ಪುಟ್ಟ ಚೀಲವನ್ನೂ ಹೆಣೆದುಕೊಂಡಿದ್ದರು. ಹಾಗಂತ ನೀವು ನಾಳೆಯೇ ಎಲ್ಲರ ಮುಂದೆ ಕೂರಬೇಕು ಅಂತಲ್ಲ. ಮೊದಲು ನೋಡದೆಯೇ ಹಾಕಬಹುದಾದದ್ದು, ಬರೀ ನಿಟ್ ಸಾಲುಗಳು, ಕೈಗೆ ಪಳಗಲಿ. ಆಮೇಲೆ ಒಬ್ಬ ನಂಬಿಕೆಯ ಗೆಳೆಯನ ಜೊತೆ ಹರಟುವಾಗ ಹೊರಗೆ ತೆಗೆಯಿರಿ. ಏನಿದು ಅಂದರೆ ‘ಟೊಪ್ಪಿ ಹಾಕ್ತಿದ್ದೀನಿ’ ಅನ್ನಿ. ಅದಕ್ಕಿಂತ ಹೆಚ್ಚಿನ ವಿವರಣೆ ಕೊಡಬೇಕಾಗಿಲ್ಲ.

ಪ್ರಶ್ನೆ: ಅಮ್ಮನಿಗೆ ಖಿನ್ನತೆ. ಕ್ರೋಶಾ ಹಾಕುವಾಗ ಸಮಾಧಾನವಾಗಿ ಇರ್ತಾರೆ. ಮಾತ್ರೆ ನಿಲ್ಲಿಸಬಹುದಾ?

ಉತ್ತರ: ಬೇಡ. ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬೇಡಿ. 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೇರೆ ಬೇರೆ ದೇಶಗಳ 3,500ಕ್ಕೂ ಹೆಚ್ಚು ಹೆಣಿಗೆಯವರು ಉತ್ತರಿಸಿದ್ದರು. ಹೆಚ್ಚು ಹೆಣೆಯುವವರು ಹೆಚ್ಚು ಶಾಂತವಾಗಿ, ಸಂತೋಷವಾಗಿ ಇರುವುದಾಗಿ ಹೇಳಿಕೊಂಡರು. ಆದರೆ ಅವರೆಲ್ಲ ಮೊದಲೇ ಹೆಣಿಗೆ ಇಷ್ಟಪಡುವವರು. ಅದರಿಂದ ಕಾಯಿಲೆ ವಾಸಿಯಾಗುತ್ತದೆ ಅನ್ನಲು ಬರುವುದಿಲ್ಲ. ಅಮ್ಮ ಕ್ರೋಶಾ ಹಾಕಲಿ, ಮಾತ್ರೆಯೂ ನಡೆಯಲಿ. ಅದು ಸಮಾಧಾನ ಕೊಡುತ್ತಿದೆ ಎಂಬುದನ್ನು ಮುಂದಿನ ಸಲ ಡಾಕ್ಟರ್‌ಗೂ ಹೇಳಿ.

ಪ್ರಶ್ನೆ: ನನ್ನ ಸ್ಟಿಚ್ ಎಷ್ಟು ಬಿಗಿ ಅಂದ್ರೆ ಹುಕ್ ಒಳಗೇ ಹೋಗಲ್ಲ, ಮಣಿಕಟ್ಟು ನೋಯುತ್ತೆ.

ಉತ್ತರ: ತಪ್ಪಾಗುತ್ತದೆ ಅಂತ ಹೆದರಿದ ಕೈ ದಾರವನ್ನು ಎಳೆದು ಹಿಡಿಯುತ್ತದೆ, ಹೊಸಬರಲ್ಲಿ ಇದು ತೀರಾ ಸಾಮಾನ್ಯ. ಈಗಿರುವುದಕ್ಕಿಂತ ಅರ್ಧ ಅಥವಾ ಒಂದು ಮಿ.ಮೀ. ಹೆಚ್ಚು ದಪ್ಪದ ಹುಕ್ ತೆಗೆದುಕೊಳ್ಳಿ. ಕುಣಿಕೆಯನ್ನು ಹುಕ್‌ನ ಸಣ್ಣ ಕತ್ತಿನಲ್ಲಿ ಬಿಗಿಯಬೇಡಿ, ದಪ್ಪ ಭಾಗಕ್ಕೆ ತಂದು ಅಲ್ಲಿ ಅಳತೆ ಹಿಡಿಯಿರಿ. ಆಗಾಗ ಕೆಳಗಿಟ್ಟು ಬೆರಳು ಬಿಡಿಸಿ. ಹೀಗೆ ಮಾಡಿಯೂ ನೋವು ಉಳಿದರೆ ಕೆಲವು ದಿನ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ.