ಎಂಬತ್ತು ದಾಟಿದ ಮುದುಕನನ್ನು ಹಿಡಿದು ಏನು ಬಂತು?

ಬೀದರ್ ಜಿಲ್ಲೆಯ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ: 'ರುವಾಂಡಾದಲ್ಲಿ ಜನ ಸಾಯುವಾಗ ಜಗತ್ತು ಸುಮ್ನೆ ನೋಡಿತು. ಆ ಕೊಲೆಗಳಿಗೆ ದುಡ್ಡು ಕೊಟ್ಟ ಆರೋಪ ಹೊತ್ತ, ಎಂಬತ್ತು ದಾಟಿದ ಕಬುಗಾ ಎಂಬ ಸಾಹುಕಾರನನ್ನು 2020ರಲ್ಲಿ ಹಿಡಿದರು. ಅವನಿಗೆ ಮರೆವಿನ ಕಾಯಿಲೆ ಅಂತ ವಿಚಾರಣೆಯೂ ನಿಂತಿತು. ಇದು ನ್ಯಾಯವೇ? ನಮ್ಮ ಜಿಲ್ಲೆಯ ಗೋರ್ಟಾದಲ್ಲಿ 1948ರಲ್ಲಿ ನಡೆದ ಹತ್ಯೆಯ ಕಥೆ ಹೇಳುತ್ತಿದ್ದ ನಮ್ಮಜ್ಜನೂ ಕೋರ್ಟಿನ ಮುಖ ನೋಡದೇ ಹೋದ.'

ಮಾಸ್ತರೇ, ನಿಮ್ಮ ಸಿಟ್ಟು ನನ್ನದೂ ಹೌದು. 1994ರ ಏಪ್ರಿಲ್‌ನಲ್ಲಿ ಹುಟು ಉಗ್ರರು ಟುಟ್ಸಿ ಜನಾಂಗದವರನ್ನು ಕೊಲ್ಲಲು ಶುರು ಮಾಡಿದಾಗ ವಿಶ್ವಸಂಸ್ಥೆಯ ಸುಮಾರು 2,500 ಸೈನಿಕರು ಅಲ್ಲೇ ಇದ್ದರು. ಬೆಲ್ಜಿಯಂನ 10 ಸೈನಿಕರು ಸತ್ತರು. ಭದ್ರತಾ ಮಂಡಳಿ ಏಪ್ರಿಲ್ 21ಕ್ಕೆ ಪಡೆಯನ್ನು 270ಕ್ಕೆ ಇಳಿಸಿತು. ಊರಿಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗ ಬಿಚ್ಚಿಕೊಂಡು ಹೋದ ಹಾಗೆ! ಅಮೆರಿಕದ ಅಧಿಕಾರಿಗಳಂತೂ 'ನರಮೇಧ' ಅನ್ನಲು ವಾರಗಟ್ಟಲೆ ತಡವರಿಸಿದರು. ಹಾಗೆ ಅಂದುಬಿಟ್ಟರೆ ತಡೆಯಬೇಕಾಗುತ್ತಿತ್ತಲ್ಲ. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಹೋದರು.

ನಾವು ಹಾಡು ಕೇಳಲು ಕಲಬುರಗಿ ಆಕಾಶವಾಣಿ ಹಚ್ಚುತ್ತೇವೆ. ಅಲ್ಲಿನ ಆರ್‌ಟಿಎಲ್‌ಎಂ ರೇಡಿಯೊ ಕೂಡ ಹಾಡು ಹಾಕುತ್ತಿತ್ತು, ನಗಿಸುತ್ತಿತ್ತು. ನಡುವೆ ಟುಟ್ಸಿಗಳನ್ನು ಜಿರಳೆ ಅನ್ನುತ್ತಿತ್ತು. ಯಾರು ಎಲ್ಲಿದ್ದಾರೆ ಅಂತ ಹೆಸರು ಹಿಡಿದು ಹೇಳುತ್ತಿತ್ತು. ಅದಕ್ಕೆ ದುಡ್ಡು ಹಾಕಿದ ಆರೋಪ ಕಬುಗಾ ಮೇಲಿತ್ತು. ತೀರ್ಪು ಬರದೇ ಹೋದದ್ದು ನನಗೂ ಉರಿಯುತ್ತದೆ.

ಆದರೆ ಅವನೊಬ್ಬನನ್ನೇ ನೋಡಬೇಡಿ. ಟಾಂಜಾನಿಯಾದ ಅರುಷಾದಲ್ಲಿ ಕೂತ ವಿಶ್ವಸಂಸ್ಥೆಯ ಕೋರ್ಟಿಗೆ ರುವಾಂಡಾದ ಟಾಬಾ ಊರಿನ ಮೇಯರ್ ಅಕಾಯೆಸುನನ್ನು ತಂದರು. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿಗೆ ಬಂದ ಹೆಂಗಸರು ಬಾಯಿ ಬಿಟ್ಟರು. 1997ರಲ್ಲಿ ಪಟ್ಟಿ ತಿದ್ದಬೇಕಾಯಿತು. ಮರುವರ್ಷದ ತೀರ್ಪು ಅತ್ಯಾಚಾರವೂ ನರಮೇಧವಾಗಬಹುದು ಅಂತ ಬರೆದಿಟ್ಟಿತು. ಆ ಹೆಂಗಸರು ಹೇಳದಿದ್ದರೆ? ಆಮೇಲೆ ರುವಾಂಡಾದ ಊರೂರಲ್ಲಿ ಗಚಾಚಾ ಎಂಬ ಊರ ನ್ಯಾಯಸಭೆ ಕೂತಿತು. ಹುಲ್ಲಿನಿಂದ ಬಂದ ಹೆಸರು ಅದು, ನಮ್ಮ ಬೇವಿನ ಕಟ್ಟೆ ಪಂಚಾಯ್ತಿ ಇದ್ದ ಹಾಗೆ. ವಕೀಲರಿಲ್ಲ. ತಪ್ಪುಗಳೂ ಆದವು. ಆದರೂ ಕೊಂದವನನ್ನು ಎದುರಿಗೆ ನಿಲ್ಲಿಸಿ, ಹೆಣ ಎಲ್ಲಿ ಹೂತೆ ಅಂತ ಕೇಳಬಹುದಿತ್ತು.

ಇನ್ನು ನಿಮ್ಮಜ್ಜನ ಮಾತು. ಗೋರ್ಟಾದಲ್ಲಿ ನಿಜಾಮನ ಪರದ ರಜಾಕಾರರು ಮಾಡಿದ್ದೂ ಇದೆ, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್‌ನ ಪೊಲೀಸ್ ಆ್ಯಕ್ಷನ್ ನಂತರ ಇದೇ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಆದದ್ದೂ ಇದೆ. ಎರಡನೆಯದನ್ನು ಬರೆದ ಸುಂದರಲಾಲ್ ಸಮಿತಿಯ ವರದಿ ದಶಕಗಟ್ಟಲೆ ಕಪಾಟಿನಲ್ಲೇ ಕೂತಿತು. ನೀವು ಕೇಳಿದ್ದನ್ನು ಬರೆಯಿರಿ ಮಾಸ್ತರೇ: ಯಾವ ಮನೆ, ಯಾವ ದಿನ, ಯಾರು ಹೇಳಿದ್ದು. ಎಂಬತ್ತು ದಾಟಿದವರು ನಿಮ್ಮೂರಲ್ಲೂ ಒಂದಿಬ್ಬರು ಇರಬೇಕಲ್ವಾ? ಹಿಂದೂ, ಮುಸ್ಲಿಂ ಎರಡೂ ಓಣಿಗೆ ಹೋಗಿ ಕೇಳಿ. ಟೈಪ್ ಮಾಡಿಸಬೇಡಿ, ನಿಮ್ಮ ಅಕ್ಷರ ನಮಗೆ ಓದಲು ಬರುತ್ತದೆ.